ಗುಡಾರದ ಬಾಗಿಲಲ್ಲಿ ಕೂತವರು

ತಮ್ಮ ಧರ್ಮಗ್ರಂಥವಾದ ಟೋರಾವನ್ನು ವಾರಕ್ಕೊಂದು ಭಾಗದಂತೆ ವರ್ಷವಿಡೀ ಓದಿ ಮುಗಿಸುವುದು ಯೆಹೂದಿಗಳ ಪದ್ಧತಿ. 2018ರ ಅಕ್ಟೋಬರ್ 20ರ ಶನಿವಾರಕ್ಕೆ ಬಂದದ್ದು ಅಬ್ರಹಾಮ ಹುಟ್ಟಿದ ನಾಡು ತೊರೆದು ಹೊರಡುವ ಭಾಗ. ಮುಂದಿನ ಶನಿವಾರದ ಪಾಠದಲ್ಲಿ ಅದೇ ಅಬ್ರಹಾಮ ಸುಡುಬಿಸಿಲ ಹೊತ್ತಿನಲ್ಲಿ ಗುಡಾರದ ಬಾಗಿಲಲ್ಲಿ ಕೂತಿರುತ್ತಾನೆ. ಗುರುತು ಪರಿಚಯವಿಲ್ಲದ ಮೂವರನ್ನು ಕಂಡು ಎದ್ದು ಓಡುತ್ತಾನೆ, ಕಾಲು ತೊಳೆಯಲು ನೀರು ತರಿಸುತ್ತಾನೆ, ಮರದ ನೆರಳಲ್ಲಿ ಕೂರಿಸಿ ಉಣಬಡಿಸುತ್ತಾನೆ.

ಆ ಶನಿವಾರ ಬೆಳಿಗ್ಗೆ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ, ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಟ್ರೀ ಆಫ್ ಲೈಫ್ ಸಿನಗಾಗ್‌ಗೆ ಬಂದೂಕುಧಾರಿಯೊಬ್ಬ ನುಗ್ಗಿ 11 ಜನರನ್ನು ಕೊಂದ. ಸತ್ತವರಲ್ಲಿ ಹಿರಿಯರಿಗೆ 97 ವರ್ಷ. ನುಗ್ಗುವ ಮುನ್ನ ಅವನು ಅಂತರ್ಜಾಲದಲ್ಲಿ ನಿರಾಶ್ರಿತರಿಗೆ ನೆರವಾಗುವ ಒಂದು ಸಂಸ್ಥೆಯ ಹೆಸರು ಹಿಡಿದು ವಿಷ ಕಾರಿದ್ದ. ಅದು ಹಯಸ್. ಆ ಕಟ್ಟಡದಲ್ಲಿ ಸೇರುತ್ತಿದ್ದ ಮೂರು ಸಭೆಗಳಲ್ಲಿ ಒಂದಾದ ದೋರ್ ಹದಾಶ್, ಹಿಂದಿನ ವಾರವಷ್ಟೇ ಹಯಸ್ ಕರೆ ಕೊಟ್ಟಿದ್ದ ‘ನಿರಾಶ್ರಿತರ ಶಬ್ಬತ್’ ಎಂಬ ಶನಿವಾರದ ಆಚರಣೆಯಲ್ಲಿ ಪಾಲ್ಗೊಂಡಿತ್ತು.

ಹೀಬ್ರೂ ಇಮಿಗ್ರಂಟ್ ಏಡ್ ಸೊಸೈಟಿ ಎಂಬುದರ ಮೊದಲಕ್ಷರಗಳೇ ಹಯಸ್. ರಷ್ಯಾದಲ್ಲಿ ಎರಡನೆಯ ಅಲೆಕ್ಸಾಂಡರ್ ದೊರೆಯ ಕೊಲೆಯಾದ ಮೇಲೆ ಯೆಹೂದಿಗಳ ಮನೆ, ಅಂಗಡಿಗಳ ಮೇಲೆ ದೊಂಬಿಗಳು ಶುರುವಾದವು. ಉಟ್ಟ ಬಟ್ಟೆಯಲ್ಲಿ ಹಡಗು ಹತ್ತಿ ನ್ಯೂಯಾರ್ಕ್‌ಗೆ ಬಂದವರಿಗೆ ಆಸರೆಯಾಗಲು ಹುಟ್ಟಿದ ಈ ಸಂಸ್ಥೆ ತನ್ನ ವಯಸ್ಸನ್ನು ಬಹುಕಾಲ 1881ರಿಂದ ಎಣಿಸುತ್ತಿತ್ತು. ಎಲ್ಲಿಸ್ ದ್ವೀಪದ ವಲಸಿಗರ ತಪಾಸಣಾ ಕೇಂದ್ರದಲ್ಲಿ 1904ರಲ್ಲಿ ಅದರ ಕಚೇರಿ ತೆರೆಯಿತು. ಯಿದ್ದಿಶ್ ಬಿಟ್ಟರೆ ಬೇರೆ ಮಾತು ಬಾರದ ಮುದುಕಿಯ ಪರವಾಗಿ ಅಧಿಕಾರಿಗೆ ಉತ್ತರ ಹೇಳುವುದು, ನೆಂಟರ ವಿಳಾಸ ಹುಡುಕುವುದು, ರೈಲು ಹತ್ತಿಸುವುದು ಅಲ್ಲಿನ ಸಿಬ್ಬಂದಿಯ ಕೆಲಸ. ಧರ್ಮದ ನಿಯಮ ಮೀರಲಾರದೆ ಹಸಿದು ಕೂತವರಿಗಾಗಿ 1911ರಲ್ಲಿ ಅಲ್ಲೊಂದು ಕೋಷರ್ ಅಡುಗೆಮನೆಯೂ ಬಂತು.

1975ರಲ್ಲಿ ಸೈಗಾನ್ ಪತನವಾದಾಗ ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್‌ಗಳಿಂದ ಬಂದವರಿಗೂ ನೆಲೆ ಹುಡುಕಿಕೊಟ್ಟ ಹಯಸ್, ಮುಂದೆ ಯೆಹೂದಿಗಳಲ್ಲದವರನ್ನೇ ಹೆಚ್ಚಾಗಿ ನೋಡಿಕೊಳ್ಳತೊಡಗಿತು. ಕೆಲವು ಮುಸ್ಲಿಂ ಬಹುಸಂಖ್ಯಾತ ದೇಶಗಳ ಜನರಿಗೆ ಅಮೆರಿಕ 2017ರಲ್ಲಿ ಬಾಗಿಲು ಹಾಕಿದಾಗ ಕೋರ್ಟಿಗೆ ಹೋದವರಲ್ಲಿ ಇದೂ ಒಂದು. ಈಜಿಪ್ಟಿನಲ್ಲಿ ನಾವೂ ಪರಕೀಯರಾಗಿದ್ದೆವು ಎಂಬ ನೆನಪನ್ನು ಟೋರಾ ಮತ್ತೆ ಮತ್ತೆ ಕೆದಕುತ್ತದೆ. ಆ ನೆನಪನ್ನು ದಿನದ ಕಚೇರಿ ಕೆಲಸವನ್ನಾಗಿ ಮಾಡಿಕೊಂಡದ್ದು ಹಯಸ್‌ನ ನಿಜವಾದ ಹಿರಿಮೆ. ತಮ್ಮವರ ರಕ್ತ ಹರಿದಾಗ ಬಾಗಿಲು ಭದ್ರಪಡಿಸಿಕೊಳ್ಳಬೇಕೆನಿಸುವುದು ಸಹಜ. ಸಿನಗಾಗ್‌ಗಳಿಗೆ ಕಾವಲು ಬೇಕೇ ಬೇಕು. ಆದರೂ ದಾಳಿಯ ನಂತರದ ವರ್ಷಗಳಲ್ಲೂ ನಿರಾಶ್ರಿತರ ಶಬ್ಬತ್ ನಿಲ್ಲಲಿಲ್ಲ. ಅತ್ತ ಅಮೆರಿಕದ ಮುಸ್ಲಿಮರು ಮಡಿದವರ ಕುಟುಂಬಗಳಿಗಾಗಿ 2 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದರು.

ದಾಳಿ ನಡೆದ ಹಳೆಯ ಕಟ್ಟಡದ ಬಹುಭಾಗವನ್ನು 2024ರಲ್ಲಿ ಕೆಡವಲಾಯಿತು. ಅದೇ ಜಾಗದಲ್ಲಿ ಏಳಬೇಕಾದ ಹೊಸದರ ವಿನ್ಯಾಸ ಡೇನಿಯಲ್ ಲಿಬೆಸ್‌ಕಿಂಡ್ ಅವರದು. ಅವರ ತಂದೆತಾಯಿ ನಾಜಿ ನರಮೇಧದಿಂದ ಬದುಕುಳಿದವರು. ಸತ್ತವರ ವಾರ್ಷಿಕ ಸ್ಮರಣೆ ಹೀಬ್ರೂ ಪಂಚಾಂಗದ ಹೆಷ್ವಾನ್ ಮಾಸದ 18ಕ್ಕೆ ಬರುತ್ತದೆ. ಅಬ್ರಹಾಮನ ಗುಡಾರದ ಕಥೆಯನ್ನು ಓದುವುದೂ ಆ ದಿನದ ಆಸುಪಾಸಿನಲ್ಲೇ.