ಗೋದಲಿಯ ಬೂಷ್ಟು, ಬಟ್ಟಲಿನ ಹಾಲು



ಗೋವಿನಜೋಳದ ಒಕ್ಕಣೆಯ ಹೊತ್ತಿಗೆ ಮಳೆ ಬಿದ್ದರೆ ತಡಸ, ಶಿಗ್ಗಾವಿ ಸೀಮೆಯ ಕಣಗಳಲ್ಲಿ ಒಳ್ಳೆಯ ಕಾಳು ಪೇಟೆಗೆ ಹೋಗುತ್ತದೆ. ಬೂಷ್ಟು ಹಿಡಿದದ್ದು ‘ದನಕ್ಕಾದರೂ ಆದೀತು’ ಎಂದು ಮೂಲೆ ಸೇರುತ್ತದೆ. ಚಿಕಿತ್ಸೆಗೆ ಬರುವ ರೈತಬಂಧುಗಳಿಂದ ಈ ಮಾತನ್ನು ನಾವು ಹಲವು ವರ್ಷಗಳಿಂದ ಕೇಳುತ್ತಿದ್ದೇವೆ. ಹಾಗೆ ಉಳಿಸಿದ ಕಾಳು ಮನೆಯವರ ಆರೋಗ್ಯಕ್ಕೇ ಮುಳುವಾಗುವ ಬಗೆಯನ್ನು ಇಲ್ಲಿ ನಿವೇದಿಸುತ್ತೇವೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿದ್ದ, ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರದ ವಿಷವೇ ಕಾರಣವೆಂದು ತಿಳಿಯಿತು. ಅದೇ ಅಫ್ಲಾಟಾಕ್ಸಿನ್. ನಮ್ಮ ನಾಡೂ ಇದಕ್ಕೆ ಹೊರತಲ್ಲ. 1995ರಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ಗೋವಿನಜೋಳವನ್ನು ಉಂಡು ಕರ್ನಾಟಕ, ಆಂಧ್ರಗಳ ಕೆಲವು ಹಳ್ಳಿಗಳ ಜನ ಹೊಟ್ಟೆನೋವು, ಭೇದಿಯಿಂದ ಬಳಲಿದರು. ಅಲ್ಲಿ ಕಂಡುಬಂದದ್ದು ಫ್ಯುಮೋನಿಸಿನ್ ಎಂಬ ಇನ್ನೊಂದು ಬೂಷ್ಟಿನ ವಿಷ.

ದನದ ದೇಹಕ್ಕೆ ವಿಷವು ಮುಖ್ಯವಾಗಿ ಬಾಯಿಯಿಂದ ಸೇರುತ್ತದೆ. ಕೆಟ್ಟ ಹಿಂಡಿ, ಕಾಳು, ಬಣವೆಯ ತಳದ ಒದ್ದೆ ಹುಲ್ಲು ಇದರ ನೆಲೆ. ಕೊಟ್ಟಿಗೆಯಲ್ಲಿ ಹಾಸಿದ ಹುಲ್ಲು ಗಂಜಲದಿಂದ ನೆನೆದು ಬೂಷ್ಟು ಹಿಡಿದರೆ ದನವು ಅದನ್ನೂ ಮೇಯುತ್ತದೆ; ಅದರ ಧೂಳು ದನದ ಉಸಿರನ್ನೂ ಕಸ ಬಳಿಯುವವರ ಉಸಿರನ್ನೂ ಸೇರುತ್ತದೆ. ಕರುಳಿನಿಂದ ರಕ್ತಕ್ಕಿಳಿದ ಅಫ್ಲಾಟಾಕ್ಸಿನ್ ಯಕೃತ್ತಿನಲ್ಲಿ ರೂಪಾಂತರಗೊಂಡು, ಅದರ ಒಂದಂಶವು ದಿನದೊಳಗೇ ಹಾಲಿಗೆ ಬರುತ್ತದೆ. ಹಾಲನ್ನು ಕಾಯಿಸಿದರೂ ಅದು ನಾಶವಾಗದು. ಆದ್ದರಿಂದಲೇ ಒಂದು ಕಿಲೋ ಹಾಲಿನಲ್ಲಿ 0.5 ಮೈಕ್ರೋಗ್ರಾಂ ಮೀರಬಾರದೆಂಬ ಮಿತಿ ನಮ್ಮ ದೇಶದಲ್ಲಿದೆ.

ಕೂಡಲೇ ಕೊಲ್ಲದೆ, ದೇಹದಲ್ಲಿ ನೆಲೆನಿಂತು ಧಾತುಗಳನ್ನು ನಿಧಾನವಾಗಿ ಕೆಡಿಸುವ ವಿಷವನ್ನು ಆಯುರ್ವೇದವು ದೂಷೀವಿಷ ಎನ್ನುತ್ತದೆ. ಬೂಷ್ಟಿನ ವಿಷದ ನಡೆಯೂ ಅಂಥದೇ. ದನದ ಮೇವು ತಗ್ಗುತ್ತದೆ, ಹಾಲು ಇಳಿಯುತ್ತದೆ, ಕರು ಸೊರಗುತ್ತದೆ. ಇಂಥ ಲಕ್ಷಣ ಕಂಡರೆ ಪಶುವೈದ್ಯರನ್ನು ಕಾಣಬೇಕು.

ಕಾಳಿನ ತೇವ ಶೇಕಡಾ 14ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಿ, ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿರಿ. ಬಣವೆಗೆ ಮಳೆನೀರು ಇಳಿಯದಂತೆ ಹೊದಿಕೆ ಹಾಕಿರಿ. ಹಾಸಿನ ಹುಲ್ಲನ್ನು ದಿನವೂ ಬದಲಿಸಿರಿ. ಬೂಷ್ಟನ್ನು ತೊಳೆದು ಬಿಸಿಲಿಗೆ ಹಾಕಿದರೆ ಬಣ್ಣ ಹೋದೀತು, ವಿಷ ಉಳಿದೀತು. ಅಂಥದನ್ನು ಹೂಳುವುದೇ ಲೇಸು. ಕೆಟ್ಟ ಮೇವು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ.

ದಾಸೋಹಕ್ಕೆ ತರುವ ಹಾಲೂ ಮನೆಯ ಮಗುವಿನ ಹಾಲೂ ಒಂದೇ ಕೆಚ್ಚಲಿನದು. ನಾವು ಉಣ್ಣಲಾರದ್ದನ್ನು ಬಾಯಿಲ್ಲದ ಜೀವಕ್ಕೆ ಉಣಿಸದಿರೋಣ.