ತಾಯಿ ಕಟ್ಟಿದ ಬುತ್ತಿ

ಸಾಲ್ಮನ್ ಮೀನಿನ ವಿಚಾರ ಬಂದಾಗ ಎಲ್ಲರೂ ಅದರ ಪ್ರಯಾಣವನ್ನು ಬಣ್ಣಿಸುತ್ತಾರೆ. ಹೊಳೆಯಲ್ಲಿ ಹುಟ್ಟಿ, ಕಡಲಿಗಿಳಿದು, ಅಲ್ಲಿ ಮೈತುಂಬಿಕೊಂಡು, ಮತ್ತೆ ತಾನು ಹುಟ್ಟಿದ ಹೊಳೆಯನ್ನೇ ಅರಸಿ ಬಂದು ಮೊಟ್ಟೆಯಿಡುವ ಅದರ ಸಾಹಸ ನಿಜವಾಗಿಯೂ ಅದ್ಭುತವಾದುದೇ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಅದರ ಊಟದ ಮಾತು. ತಾಯಿ ಉಂಡ ತುತ್ತು ಮರಿಯ ಹಣೆಬರಹವಾಗುವ ಬಗೆ ಹೇಗೆ, ಒಂದು ಸರೋವರದಿಂದ ಅಳಿದುಹೋದ ಜೀವಿಯನ್ನು ಮರಳಿ ತರಲು ಹೊರಟವರಿಗೆ ಆ ತುತ್ತೇ ತೊಡಕಾದುದು ಹೇಗೆ ಎಂಬುದು ನನ್ನ ವಿಷಯ.

ಕೆನಡಾ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳ ಗಡಿಯಲ್ಲಿರುವ ಐದು ಮಹಾಸರೋವರಗಳಲ್ಲಿ ಪೂರ್ವದ ಕೊನೆಯದು ಆಂಟೇರಿಯೋ. ಅಟ್ಲಾಂಟಿಕ್ ಸಾಲ್ಮನ್ ಒಂದು ಕಾಲಕ್ಕೆ ಈ ಸರೋವರವನ್ನೇ ತನ್ನ ಕಡಲಾಗಿಸಿಕೊಂಡು, ಅದನ್ನು ಸೇರುವ ಹೊಳೆಗಳಲ್ಲಿ ಹೇರಳವಾಗಿ ಮೊಟ್ಟೆಯಿಡುತ್ತಿತ್ತು. ವಲಸೆ ಬಂದವರು ಗಿರಣಿಗಳಿಗಾಗಿ ಹೊಳೆಗಳಿಗೆ ಅಡ್ಡಕಟ್ಟೆ ಹಾಕಿದರು, ದಡದ ಕಾಡನ್ನು ಕಡಿದರು, ಮೀನನ್ನು ಮಿತಿಯಿಲ್ಲದೆ ಹಿಡಿದರು. ಅಪಾಯವನ್ನು ಕಂಡ ಸ್ಯಾಮ್ಯುಯೆಲ್ ವಿಲ್ಮಾಟ್ ಎಂಬಾತ 1866ರಲ್ಲಿಯೇ ಆಂಟೇರಿಯೋ ತೀರದಲ್ಲಿ ಮರಿ ಮಾಡಿಸಿ ಹೊಳೆಗೆ ಬಿಡುವ ಕೆಲಸವನ್ನು ಆರಂಭಿಸಿದನು. ಆದರೂ 1900ರ ಹೊತ್ತಿಗೆ ಆ ಸಂತತಿ ನಿರ್ನಾಮವಾಯಿತು.

ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಪಶ್ಚಾತ್ತಾಪಪಟ್ಟ ಜನ ಈ ಸರೋವರಕ್ಕೂ ಸುತ್ತಣ ಬೇರೆ ಸರೋವರಗಳಿಗೂ ಸಾಲ್ಮನ್ ಮರಿಗಳನ್ನು ತಂದು ಬಿಟ್ಟರು. ನೀರು ತಿಳಿಯಾಗುತ್ತ ಬಂದಿತ್ತು. ಬಿಟ್ಟ ಮರಿಗಳು ಬೆಳೆದವು, ದಷ್ಟಪುಷ್ಟವಾದವು, ಮೊಟ್ಟೆಯನ್ನೂ ಇಟ್ಟವು. ಆದರೆ ಆ ಮೊಟ್ಟೆಗಳ ಪಾಡೇನು? ಆಂಟೇರಿಯೋದ ದಕ್ಷಿಣಕ್ಕಿರುವ ನ್ಯೂಯಾರ್ಕ್ ಸಂಸ್ಥಾನದ ಕಯೂಗಾ ಸರೋವರದ ಸಾಲ್ಮನ್ನುಗಳ ಮೊಟ್ಟೆಗಳಿಂದ ಹೊರಬಂದ ಮರಿಗಳು ಕೆಲವು ವಾರಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸತ್ತವು. ಸಾಯುವ ಮುನ್ನ ಅವು ತೋಲ ತಪ್ಪಿ ವಾಲುತ್ತಿದ್ದವು, ಸುರುಳಿಸುರುಳಿಯಾಗಿ ಈಜುತ್ತಿದ್ದವು, ಕೊನೆಗೆ ತಳ ಸೇರಿ ನಿಶ್ಚಲವಾಗುತ್ತಿದ್ದವು.

ಇದರ ಕಾರಣವನ್ನು ತಿಳಿಯಲು ಮೀನಿನ ಮರಿಯ ಮೊದಲ ದಿನಗಳನ್ನು ನೆನೆಯಬೇಕು. ಸಾಲ್ಮನ್ ತಾಯಿ ಚಳಿಗಾಲಕ್ಕೆ ಮುನ್ನ ಹೊಳೆಯ ತಳದ ಸಣ್ಣ ಕಲ್ಲುಗಳ ನಡುವೆ ಮೊಟ್ಟೆಗಳನ್ನು ಹುದುಗಿಸಿ ಹೊರಟುಹೋಗುತ್ತದೆ. ಮೊಲೆಯುಣಿಸುವ, ಗುಟುಕು ಕೊಡುವ ಮಾತೇ ಇಲ್ಲ. ಮರಿಯು ತಾನಾಗಿ ಬೇಟೆಯಾಡುವವರೆಗೆ ಬದುಕುವುದು ಹೊಟ್ಟೆಗೆ ಅಂಟಿಕೊಂಡಿರುವ ಹಳದಿ ಭಂಡಾರದ ಚೀಲದಿಂದ. ದೂರದ ಊರಿಗೆ ಹೊರಟ ಮಗನಿಗೆ ತಾಯಿ ಬುತ್ತಿ ಕಟ್ಟಿಕೊಡುವಂತೆ, ಮರಿಗೆ ಬೇಕಾದುದನ್ನೆಲ್ಲ ತಾಯಿ ಮೊದಲೇ ಮೊಟ್ಟೆಯೊಳಗೆ ಕಟ್ಟಿಟ್ಟಿರುತ್ತದೆ. ತನ್ನ ಮೈಯಲ್ಲಿ ಇಲ್ಲದುದನ್ನು ಅದು ಬುತ್ತಿಗೆ ಹಾಕಲಾರದು.

ಇಲ್ಲಿ ಬುತ್ತಿಯಲ್ಲಿ ಇಲ್ಲದೆಹೋದುದು ಥಯಾಮಿನ್, ಅಂದರೆ ಬಿ-1 ಜೀವಸತ್ವ. ಆಹಾರವನ್ನು ಶಕ್ತಿಯನ್ನಾಗಿ ಮಾರ್ಪಡಿಸಲು ಇದು ಬೇಕೇ ಬೇಕು. ಇದರ ಕೊರತೆಯಾದರೆ ಮೊದಲು ಸೋಲುವುವು ನರಗಳು ಮತ್ತು ಹೃದಯ. ಪಾಲಿಷ್ ಮಾಡಿದ ಅಕ್ಕಿಯನ್ನೇ ನಂಬಿದ ಜನರಿಗೆ ಬರುತ್ತಿದ್ದ ಬೆರಿಬೆರಿ ರೋಗದ ಮೂಲವೂ ಇದೇ. ಐಕ್‌ಮನ್ ಎಂಬ ಡಚ್ ವೈದ್ಯ 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಕೋಳಿಗಳನ್ನು ನೋಡಿ ಇದರ ಸುಳಿವು ಹಿಡಿದನು. ನಮ್ಮ ಕರಾವಳಿಯ ಕುಚ್ಚಲಕ್ಕಿಯಲ್ಲಿ, ಭತ್ತವನ್ನು ಬೇಯಿಸುವಾಗಲೇ ತೌಡಿನ ಈ ಸತ್ವ ಕಾಳಿನೊಳಕ್ಕೆ ಇಳಿಯುತ್ತದೆ. ಅರಿತೋ ಅರಿಯದೆಯೋ ಹಿರಿಯರು ಕಂಡುಕೊಂಡ ರಕ್ಷೆ ಅದು.

ಆದರೆ ಸಾಲ್ಮನ್ ಅಕ್ಕಿ ತಿನ್ನುವುದಿಲ್ಲವಲ್ಲ! ಅದು ತಿಂದದ್ದು ಏಲ್‌ವೈಫ್ ಎಂಬ ಬೆಳ್ಳಿಬಣ್ಣದ ಸಣ್ಣ ಮೀನನ್ನು. ನಮ್ಮ ಬೂತಾಯಿಯ ದೂರದ ಬಳಗಕ್ಕೆ ಸೇರಿದ ಈ ಮೀನು ಆಂಟೇರಿಯೋದಲ್ಲಿ 1870ರ ದಶಕದಲ್ಲಿ ಕಾಣಿಸಿಕೊಂಡಿತು. ಮುಂದೆ ವೆಲಂಡ್ ಕಾಲುವೆಯ ದಾರಿಯಾಗಿ ಮೇಲಣ ಸರೋವರಗಳನ್ನು ಹೊಕ್ಕು 1949ರ ಹೊತ್ತಿಗೆ ಮಿಷಿಗನ್ ಸರೋವರವನ್ನೂ ಸೇರಿತು. ಹಿಡಿಯಲು ಸುಲಭ, ಸಂಖ್ಯೆಯಲ್ಲಿ ಅಪಾರ. ದೊಡ್ಡ ಮೀನುಗಳಿಗೆ ನಿತ್ಯವೂ ಹಬ್ಬದೂಟ. ಆದರೆ ಅದರ ಮೈಯಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಹೆಸರೇ ಹೇಳುವಂತೆ ಅದು ಥಯಾಮಿನ್ನನ್ನು ಒಡೆದುಹಾಕುತ್ತದೆ. ಉಂಡಷ್ಟೂ ಸಾಲ್ಮನ್ನಿನ ಮೈಯ ಸತ್ವ ಸೋರಿಹೋಗುತ್ತದೆ.

ಇಂಥ ಕಿಣ್ವದ ಕೇಡು ಮೊದಲು ಬೆಳಕಿಗೆ ಬಂದುದು ನರಿಗಳಿಂದ. 1932ರಲ್ಲಿ ಮಿನೆಸೋಟಾದ ಒಂದು ತೋಟದಲ್ಲಿ, ತುಪ್ಪಳಿಗಾಗಿ ಸಾಕಿದ್ದ ನರಿಗಳು ಹಸಿ ಕಾರ್ಪ್ ಮೀನನ್ನು ತಿಂದು ಪಾರ್ಶ್ವವಾಯು ಬಡಿದಂತೆ ಬಿದ್ದು ಸತ್ತವು. ಮೀನನ್ನು ಚೆನ್ನಾಗಿ ಬೇಯಿಸಿದರೆ ಕಿಣ್ವ ನಾಶವಾಗುತ್ತದೆ. ಆದರೆ ಸರೋವರದ ಸಾಲ್ಮನ್ನಿಗೆ ಬೇಯಿಸಿ ಬಡಿಸುವವರಾರು?

ಕಯೂಗಾದ ಮರಿಗಳ ವಿಷಯದಲ್ಲಿ 1990ರ ದಶಕದ ನಡುವೆ ಸಂಶೋಧಕರು ಸರಳವಾದ ಪರೀಕ್ಷೆ ಮಾಡಿದರು. ಸಾಯುವ ಸ್ಥಿತಿಯಲ್ಲಿದ್ದ ಮರಿಗಳನ್ನು ಥಯಾಮಿನ್ ಕರಗಿಸಿದ ನೀರಿನಲ್ಲಿ ಬಿಟ್ಟರು. ಅವು ಚೇತರಿಸಿಕೊಂಡವು. ಮುಂದೆ ಸಾಲ್ಮನ್ನಿನ ಬಂಧುವಾದ ಲೇಕ್ ಟ್ರೌಟ್ ಮೀನಿಗೆ ಈ ಕಿಣ್ವವುಳ್ಳ ಆಹಾರವನ್ನೇ ಬೇಕೆಂದು ಉಣಿಸಿ, ಮರಿಗಳಲ್ಲಿ ಅದೇ ಮರಣ ಕಾಣಿಸಿಕೊಳ್ಳುವುದನ್ನು 2005ರಲ್ಲಿ ಪ್ರಕಟಿಸಿದರು. ಕ್ಯಾಲಿಫೋರ್ನಿಯಾದಲ್ಲಿಯೂ 2020ರಲ್ಲಿ ಚಿನೂಕ್ ಸಾಲ್ಮನ್ ಮರಿಗಳು ಹೀಗೆಯೇ ಸುರುಳಿ ಈಜತೊಡಗಿದವು. ಅಲ್ಲಿ ತಾಯಂದಿರು ಕಡಲಿನಲ್ಲಿ ಅದೇ ಕಿಣ್ವವುಳ್ಳ ಆಂಚೊವಿಯೊಂದನ್ನೇ ಅತಿಯಾಗಿ ತಿಂದಿದ್ದವು.

ಇಂದು ಸಾಕಣೆ ಕೇಂದ್ರಗಳಲ್ಲಿ ಮೊಟ್ಟೆಗೋ ಮರಿಗೋ ಥಯಾಮಿನ್ ಸ್ನಾನ ಮಾಡಿಸುತ್ತಾರೆ. ತಾಯಿಗೆ ಚುಚ್ಚುಮದ್ದು ಕೊಡುವುದೂ ಉಂಟು. ಆದರೆ ಹೊಳೆಯ ಕಲ್ಲುಗಳ ನಡುವೆ ಇಟ್ಟ ಮೊಟ್ಟೆಗೆ ಮದ್ದು ಹಾಕುವವರಿಲ್ಲ. ಮನುಷ್ಯನ ಕೈಯಿಲ್ಲದೆ ತಲೆಮಾರು ಮುಂದುವರಿಯದಿದ್ದರೆ ಆ ಜೀವಿ ಮರಳಿ ಬಂದಿತೆಂದು ಹೇಳುವುದು ಹೇಗೆ? ಅದು ಅತಿಥಿಯಾಗಿ ಉಳಿದೀತು, ಒಕ್ಕಲಾಗಲಾರದು.

ಹ್ಯೂರಾನ್ ಸರೋವರದ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿ ದಶಕಗಳ ಕಾಲ ಲೇಕ್ ಟ್ರೌಟ್ ಮರಿಗಳನ್ನು ಬಿಟ್ಟರೂ ಅವುಗಳ ವಂಶ ತಾನಾಗಿ ಬೆಳೆದುದು ಅತ್ಯಲ್ಪ. 2003ರ ಸುಮಾರಿಗೆ ಏಲ್‌ವೈಫ್ ಸಂತತಿ ಕುಸಿದುಬಿತ್ತು. ಮರುವರ್ಷದಿಂದಲೇ ಹೊಳೆಯುವ ಕಾಡುಮರಿಗಳು ಸರೋವರದ ಹಲವೆಡೆ ಕಾಣತೊಡಗಿದವು. ಆದರೆ ಅದೇ ಏಲ್‌ವೈಫನ್ನು ನಂಬಿದ್ದ ಚಿನೂಕ್ ಸಾಲ್ಮನ್ ಅಲ್ಲಿ ಕ್ಷೀಣಿಸಿತು. ಆ ಮೀನಿನ ಗಾಳಕ್ಕೆಂದು ಬರುವ ಜನರಿಂದ ಬದುಕುತ್ತಿದ್ದ ತೀರದ ಊರುಗಳು ಬಡವಾದವು. ಒಬ್ಬರ ಅನ್ನ ಇನ್ನೊಬ್ಬರ ವಿಷ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ವಾದ ಮಹಾಸರೋವರಗಳ ತೀರದಲ್ಲಿ ಸುಲಭವಾಗಿ ಮುಗಿಯುವಂಥದಲ್ಲ.

ನನ್ನ ಮಟ್ಟಿಗೆ ಇದರಲ್ಲಿ ಕಲಿಯಬೇಕಾದುದು ಇಷ್ಟು. ಹೊಟ್ಟೆ ತುಂಬುವುದು ಬೇರೆ, ಪೋಷಣೆ ಬೇರೆ. ಆ ತಾಯಿಮೀನುಗಳು ಉಪವಾಸವಿರಲಿಲ್ಲ. ಸಮೃದ್ಧಿಯ ನಡುವೆಯೇ ಬರಿಗೈಯಾಗಿದ್ದವು. ಅಳಿದ ಜೀವಿಯನ್ನು ಮರಳಿ ಕರೆಯುವವರು ಅದಕ್ಕೆ ನೀರನ್ನು ಕೊಟ್ಟರೆ ಸಾಲದು, ಹೊಳೆಯ ದಾರಿ ತೆರೆದರೂ ಸಾಲದು. ಅದರ ತಾಯಿ ಉಣ್ಣುವ ತಟ್ಟೆಯಲ್ಲಿ ಏನಿದೆ ಎಂಬುದನ್ನೂ ನೋಡಬೇಕು.