ಬಾಂಡ್ಲಿ ಕೈಯಿಂದ ಕೈಗೆ

ಬೆಳಿಗ್ಗೆ ಆರೂವರೆಗೆಲ್ಲ ಕೆರೆಯಂಗಳದಲ್ಲಿ ಸಾಲು ನಿಲ್ಲಬೇಕು. ಕೆಳಗೆ ಸಲಿಕೆ ಹಿಡಿದವರು ನಾಲ್ವರು, ಅಲ್ಲಿಂದ ಏರಿಯವರೆಗೂ ಒಬ್ಬರ ಪಕ್ಕ ಒಬ್ಬರು. ಗೋಡು ತುಂಬಿದ ಬಾಂಡ್ಲಿ ಎಡಗಡೆಯಿಂದ ಬರುತ್ತದೆ, ಬಲಗಡೆಗೆ ದಾಟುತ್ತದೆ. ಖಾಲಿಯಾದದ್ದು ಇಳಿಜಾರಿನಲ್ಲಿ ಉರುಳುತ್ತ ವಾಪಸಾಗುತ್ತದೆ. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ನನ್ನನ್ನು ಇಂಥದೊಂದು ಶಿಬಿರಕ್ಕೆ ಸಾಗಹಾಕಿದ್ದರು. ಎಡಕ್ಕೆ ಒಡಿಶಾದ ಹುಡುಗ, ಬಲಕ್ಕೆ ಉತ್ತರ ಪ್ರದೇಶದವನು. ಮೊದಲ ದಿನ ನಮ್ಮ ಮೂವರ ನಡುವೆ ಓಡಾಡಿದ್ದು ಬಾಂಡ್ಲಿ ಮಾತ್ರ, ಮಾತಲ್ಲ. ಮೂರನೆಯ ದಿನಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದವು. ಒಬ್ಬರ ಕೈ ಒಬ್ಬರು ನೋಡಿ ನಕ್ಕೆವು. ಪರಿಚಯ ಶುರುವಾದದ್ದು ಅಲ್ಲಿಂದ.

ಏರಿ ಮೇಲೆ ಬೀಡಿ ಸೇದುತ್ತ ಕೂತಿದ್ದ ಊರಿನ ಅಜ್ಜನೊಬ್ಬ ಕೊನೆಯ ದಿನ ಅಂದ: ‘ಎಂಟು ದಿನಕ್ಕೆ ಇಷ್ಟೇನ್ರಪ್ಪಾ? ಎರಡು ಟ್ರ್ಯಾಕ್ಟರ್ ಬಿಟ್ಟಿದ್ರೆ ಸಂಜೆಯೊಳಗೆ ಆಗೋಗ್ತಿತ್ತು.’ ಸುಳ್ಳಲ್ಲ. ಹಾಗಾದರೆ ದೇಶದ ಮೂಲೆಮೂಲೆಯ ಹುಡುಗರನ್ನು ರೈಲು ಹತ್ತಿಸಿ ತಂದು, ಮೂರು ಹೊತ್ತು ಅನ್ನ ಹಾಕಿ ಮಣ್ಣು ಹೊರಿಸುವುದೇಕೆ? ಆ ಪ್ರಶ್ನೆಗೆ ಉತ್ತರವಾಗಿ ಬದುಕಿದ ಒಬ್ಬರು ಬೆಂಗಳೂರಿನಲ್ಲೇ ಹುಟ್ಟಿದ್ದರು ಎನ್ನುವುದು ನನಗೆ ಗೊತ್ತಾದದ್ದು ತೀರ ತಡವಾಗಿ.

ಎಸ್.ಎನ್. ಸುಬ್ಬರಾವ್ ಹುಟ್ಟಿದ್ದು 1929ರಲ್ಲಿ. 1942ರಲ್ಲಿ, ಹದಿಮೂರರ ಶಾಲಾ ಹುಡುಗನಾಗಿದ್ದಾಗ, ಗೋಡೆಯ ಮೇಲೆ ‘ಕ್ವಿಟ್ ಇಂಡಿಯಾ’ ಎಂದು ಬರೆದು ಪೊಲೀಸರ ಕೈಗೆ ಸಿಕ್ಕಿದವರು. ಮುಂದೆ ಅವರನ್ನು ದೆಹಲಿಯ ಕಡೆ ಎಳೆದದ್ದು ನಮ್ಮವರೇ ಆದ ಡಾ. ನಾ.ಸು. ಹರ್ಡೀಕರ್, ಹುಬ್ಬಳ್ಳಿಯನ್ನು ನೆಲೆಯಾಗಿಸಿಕೊಂಡು ಹಿಂದೂಸ್ತಾನಿ ಸೇವಾದಳ ಕಟ್ಟಿದವರು. ಶಾಲೆಯಲ್ಲಿ ಬಿಳಿ ಟೋಪಿ ಹಾಕಿಕೊಂಡು ಸೇವಾದಳದ ಕವಾಯತು ಮಾಡಿದ ಓದುಗರಿಗೆ ಆ ಹೆಸರು ಹೊಸದಲ್ಲ. ಸುಬ್ಬರಾಯರು ಉತ್ತರಕ್ಕೆ ಹೋದವರು ಅಲ್ಲಿಯವರೇ ಆಗಿ ‘ಭಾಯಿಜೀ’ ಎನಿಸಿಕೊಂಡರು. ಮದುವೆಯಾಗಲಿಲ್ಲ. ಖಾದಿ ಚಡ್ಡಿ, ಅರೆತೋಳಿನ ಖಾದಿ ಅಂಗಿ. ತೊಂಬತ್ತರ ಹರೆಯದಲ್ಲೂ ಅದೇ ವೇಷ.

ಅವರು ಕಟ್ಟಿದ ಸಂಸ್ಥೆ ‘ರಾಷ್ಟ್ರೀಯ ಯುವ ಯೋಜನೆ’. ಹೆಸರು ಕೇಳಿದರೆ ಸರ್ಕಾರದ ಇಲಾಖೆಯೇ ಅನ್ನಿಸುತ್ತದೆ, ಆದರೆ ಅಲ್ಲ. ಅದರ ಬೇರು ಇರುವುದು ಮಧ್ಯಪ್ರದೇಶದ ಮೊರೇನಾ ಜಿಲ್ಲೆಯ ಜೌರಾದಲ್ಲಿ. ಚಂಬಲ್ ನದಿಯ ಆಸುಪಾಸು ಮಳೆನೀರು ಕೊರೆದ ಕೊರಕಲುಗಳೇ ಹತ್ತಾರು ಮೈಲಿ. ಅಲ್ಲಿನವರು ಅದಕ್ಕೆ ‘ಬೀಹಡ್’ ಎನ್ನುತ್ತಾರೆ, ಅದರಲ್ಲಿ ಅಡಗಿದ್ದವರನ್ನು ‘ಬಾಗಿ’ ಎನ್ನುತ್ತಾರೆ. ಡಕಾಯಿತ ಎನ್ನುವುದು ಪೊಲೀಸರ, ಪತ್ರಿಕೆಯವರ ಮಾತು. ಜನ ಹೊತ್ತು ಮುಳುಗಿದ ಮೇಲೆ ಹೊರಬರಲು ಹೆದರುತ್ತಿದ್ದ ಆ ಸೀಮೆಯಲ್ಲಿ 1970ರಲ್ಲಿ ಸುಬ್ಬರಾಯರು ಮಹಾತ್ಮಾ ಗಾಂಧಿ ಸೇವಾಶ್ರಮ ತೆರೆದು, ಹೊರ ರಾಜ್ಯಗಳ ತರುಣರನ್ನು ಕರೆಸಿ ಗುದ್ದಲಿ ಹಿಡಿಸಿದರು. 1972ರ ಏಪ್ರಿಲ್ 14ರಂದು ಮೋಹರ್ ಸಿಂಗ್, ಮಾಧೋ ಸಿಂಗ್ ಮತ್ತವರ ಕಡೆಯವರು ಜಯಪ್ರಕಾಶ ನಾರಾಯಣರ ಎದುರು, ಗಾಂಧಿ ಚಿತ್ರದ ಮುಂದೆ ಬಂದೂಕು ಇಟ್ಟದ್ದು ಇದೇ ಜೌರಾದಲ್ಲಿ. ಶಿಬಿರದ ಹುಡುಗರು ಗುದ್ದಲಿ ಹಿಡಿದದ್ದಕ್ಕೇ ಬಾಗಿಗಳು ಬಂದೂಕು ಕೆಳಗಿಟ್ಟರು ಎಂದು ನಾನು ಹೇಳಲಾರೆ. ಆದರೆ ಆಯುಧವಿಲ್ಲದ ಅಪರಿಚಿತರು ಬಂದು ಊರ ಕೆಲಸ ಮಾಡಬಲ್ಲರು ಎಂಬುದನ್ನು ಆ ನೆಲ ಅಷ್ಟರಲ್ಲಿ ಕಣ್ಣಾರೆ ಕಂಡಿತ್ತು.

ಈ ಬಗೆಯ ಶಿಬಿರ ಗಾಂಧಿಯವರ ಕಡೆಯಿಂದಷ್ಟೇ ಬಂದದ್ದಲ್ಲ. ಮೊದಲ ಮಹಾಯುದ್ಧದಲ್ಲಿ ನೆಲಸಮವಾಗಿದ್ದ, ಫ್ರಾನ್ಸಿನ ವರ್ಡನ್ ಬಳಿಯ ಎನ್ ಎಂಬ ಹಳ್ಳಿಗೆ 1920ರಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಒಂದು ಸಣ್ಣ ಗುಂಪು ಕಟ್ಟಿಕೊಂಡು ಹೋದ. ಅದರಲ್ಲಿ ಜರ್ಮನರೂ ಇದ್ದರು. ಮನೆ ಕೆಡವಿದ ದೇಶದವರೇ ಬಂದು ಮನೆ ಕಟ್ಟುವುದು! ಹಳ್ಳಿಯವರ ಮುನಿಸು ಆರಿರಲಿಲ್ಲ, ಕೆಲವೇ ತಿಂಗಳಲ್ಲಿ ಗುಂಪು ಹೊರಡಬೇಕಾಯಿತು. ಆದರೂ ಸೆರೆಸೋಲ್ ಬಿಡಲಿಲ್ಲ. 1934ರ ಬಿಹಾರ ಭೂಕಂಪದ ನಂತರ ಇಲ್ಲಿಗೂ ಬಂದು, ಮುಳುಗಡೆಯಾದ ಹಳ್ಳಿಗಳಿಗೆ ಹೊಸ ನೆಲೆ ಕಟ್ಟುವ ಕೆಲಸಕ್ಕೆ ಕೈಹಾಕಿದ.

ಸುಬ್ಬರಾಯರ ಶಿಬಿರದ ದಿನಚರಿ ಹೇಳುವಷ್ಟೇನೂ ಇಲ್ಲ. ಬೆಳಗಿನ ಹಾಡು, ವ್ಯಾಯಾಮ, ಧ್ವಜವಂದನೆ, ಶ್ರಮದಾನ, ಚರ್ಚೆ, ಸಂಜೆ ಸರ್ವಧರ್ಮ ಪ್ರಾರ್ಥನೆ, ಆಮೇಲೆ ಮನರಂಜನೆ. ‘ಒಂದು ಗಂಟೆ ದೇಹಕ್ಕೆ, ಒಂದು ಗಂಟೆ ದೇಶಕ್ಕೆ’ ಎನ್ನುವುದು ಅವರ ಘೋಷಣೆ. ಘೋಷಣೆಗಳ ವಿಷಯದಲ್ಲಿ ನನಗೆ ಸ್ವಲ್ಪ ಮುಜುಗರವೇ. ಕೈ ಎತ್ತಿ ಕೂಗಿದ್ದು ಬಸ್ಸು ಹತ್ತುವಷ್ಟರಲ್ಲಿ ಮರೆತುಹೋಗುತ್ತದೆ. ಹದಿನೆಂಟು ಭಾಷೆಗಳ ಉಡುಗೆ ತೊಟ್ಟು ಹುಡುಗರು ಒಬ್ಬೊಬ್ಬರಾಗಿ ವೇದಿಕೆಗೆ ಬರುವ ‘ಭಾರತ್ ಕೀ ಸಂತಾನ್’ ಎಂಬ ಕಾರ್ಯಕ್ರಮ ನೋಡಲು ಚೆಂದ. ಅದಕ್ಕಿಂತ ದೊಡ್ಡದು, ನನ್ನ ಲೆಕ್ಕದಲ್ಲಿ, ಚಾಪೆಯ ಮೇಲೆ ನಡೆಯುವ ಭಾಷಾ ತರಗತಿ. ಅಲ್ಲಿ ಮೇಷ್ಟ್ರಿಲ್ಲ. ಪಕ್ಕದ ರಾಜ್ಯದವನೇ ಮೇಷ್ಟ್ರು.

ನಾನು ಹೋಗಿದ್ದ ಶಿಬಿರದಲ್ಲೂ ಅದಿತ್ತು. ಒಂದು ಮಧ್ಯಾಹ್ನ ನನ್ನ ಸರದಿ. ಊಟಕ್ಕೆ ಕೊಟ್ಟಿದ್ದ ಹಣ್ಣನ್ನೇ ಎತ್ತಿ ಹಿಡಿದು ‘ಬಾಳೆಹಣ್ಣು’ ಅಂದೆ. ಉತ್ತರ ಪ್ರದೇಶದವನು ‘ಬಾಲೇಹನ್ನು’ ಅಂದ. ಹತ್ತು ಸಲ ತಿದ್ದಿದೆ, ನಾಲಿಗೆ ಮಡಚುವುದು ಹೇಗೆಂದು ಬಾಯಿ ತೆರೆದು ತೋರಿಸಿದೆ. ಅವನಿಗೆ ‘ಳ’ ದಕ್ಕಲೇ ಇಲ್ಲ. ಒಡಿಶಾದವನು ಮಾತ್ರ ಮೊದಲ ಸಲಕ್ಕೇ ನಮ್ಮೂರವನ ಹಾಗೆ ಅಂದುಬಿಟ್ಟ. ಅವನ ನುಡಿಯಲ್ಲಿ ‘ಳ’ವೂ ಇದೆ, ‘ಣ’ವೂ ಇದೆ. ‘ನಿಮ್ಮಲ್ಲಿ ಇದಕ್ಕೇನನ್ನುತ್ತೀರಿ?’ ಎಂದು ಕೈಸನ್ನೆಯಲ್ಲೇ ಕೇಳಿದೆ. ‘ಕದಳೀ’ ಅಂದ. ನನಗೆ ತಟ್ಟನೆ ಅಕ್ಕನ ಕದಳಿವನ ನೆನಪಾಯಿತು. ಸಾವಿರಾರು ಕಿಲೋಮೀಟರು ಆಚೆಯಿಂದ ಬಂದವನ ಬಾಯಲ್ಲಿ ನಮ್ಮ ಶ್ರೀಶೈಲದ ಮಾತು!

ರಾಷ್ಟ್ರೀಯ ಯುವ ಯೋಜನೆಯ ಮಕ್ಕಳ ಶಿಬಿರಗಳಲ್ಲಿ ಇನ್ನೊಂದು ಪದ್ಧತಿಯಿದೆ: ಹೊರಗಿನಿಂದ ಬಂದ ಮಕ್ಕಳು ಸ್ಥಳೀಯರ ಮನೆಗಳಲ್ಲಿ ಉಳಿಯುತ್ತಾರೆ. ಬೇರೆ ಧರ್ಮದ, ಬೇರೆ ಅಡುಗೆಯ ಮನೆ. ಎಂಟು ದಿನ ಆ ಮನೆಯ ಹುಳಿಯನ್ನೇ ಉಣ್ಣಬೇಕು, ಆ ಮನೆಯ ಅಜ್ಜಿಯ ಬೈಗುಳವನ್ನೇ ತಿನ್ನಬೇಕು. ಭಾಷಣದಿಂದ ಆಗದ್ದು ಇಲ್ಲಿ ಆಗುತ್ತದೆ. 1992ರ ಡಿಸೆಂಬರಿನ ಗಲಭೆಗಳ ನಂತರ, 1993ರಲ್ಲಿ ಸುಬ್ಬರಾಯರು ಹೊರಡಿಸಿದ ಸದ್ಭಾವನಾ ರೈಲು ಯಾತ್ರೆಯ ಹಿಂದೆಯೂ ಇದ್ದದ್ದು ಇದೇ ಲೆಕ್ಕ. ರೈಲು ನಿಂತ ಊರಲ್ಲಿ ಹುಡುಗರು ಸೈಕಲ್ ಹತ್ತಿ ಓಣಿಗಳೊಳಗೆ ಹೋಗುತ್ತಿದ್ದರು.

ಈಗ ಸಮಾಜಸೇವೆಯ ಬೇಸಿಗೆ ಶಿಬಿರಗಳಿಗೆ ಬರವಿಲ್ಲ. ಕೆಲವಕ್ಕೆ ದುಬಾರಿ ಶುಲ್ಕವಿದೆ, ಕೈಗವಸು ಕೊಡುತ್ತಾರೆ, ಫೋಟೊ ತೆಗೆದು, ಕಾಲೇಜು ಪ್ರವೇಶಕ್ಕೆ ಲಗತ್ತಿಸಲು ಸರ್ಟಿಫಿಕೇಟು ಕೊಡುತ್ತಾರೆ. ಒಂದೇ ಬಡಾವಣೆಯ, ಒಂದೇ ಶಾಲೆಯ ಮಕ್ಕಳು ಒಟ್ಟಿಗೆ ಹೋಗಿ ಗಿಡ ನೆಟ್ಟು ಒಟ್ಟಿಗೆ ವಾಪಸಾಗುತ್ತಾರೆ. ಗಿಡ ನೆಡುವುದು ತಪ್ಪೆಂದು ಯಾರೂ ಹೇಳುವುದಿಲ್ಲ. ಆದರೆ ಬಾಂಡ್ಲಿಯ ಆಚೆ ತುದಿ ಹಿಡಿದವನು ನಮ್ಮ ಮನೆಯ ಪಕ್ಕದವನೇ ಆಗಿದ್ದರೆ, ಏರಿ ಮೇಲಿನ ಅಜ್ಜನ ಟ್ರ್ಯಾಕ್ಟರೇ ಮೇಲು.

ಸುಬ್ಬರಾಯರು 2021ರ ಅಕ್ಟೋಬರ್ 27ರಂದು ಜೈಪುರದಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರ ನಡೆದದ್ದು ಜೌರಾದ ಆಶ್ರಮದಲ್ಲಿ. ಆ ಸುದ್ದಿ ಓದಿದ ದಿನ ಅಟ್ಟದ ಮೇಲಿನ ಟ್ರಂಕು ಇಳಿಸಿ ಶಿಬಿರದ ನೋಟ್‌ಬುಕ್ಕು ಹುಡುಕಿದೆ. ಕೊನೆಯ ಹಾಳೆಗಳ ತುಂಬ ವಿಳಾಸಗಳು, ಒಬ್ಬೊಬ್ಬರದು ಒಂದೊಂದು ಲಿಪಿ. ಒಡಿಶಾದವನು ಬರೆದದ್ದು ದುಂಡು ದುಂಡಾಗಿ ನಮ್ಮ ಅಕ್ಷರಗಳಂತೆಯೇ ಕಾಣುತ್ತದೆ. ಇನ್ನೇನು ಓದಿಬಿಡಬಹುದು ಅನ್ನಿಸುತ್ತದೆ, ಓದಲಾಗುವುದಿಲ್ಲ. ಅದರ ಕೆಳಗೆ ಕನ್ನಡದಲ್ಲಿ, ನನ್ನಿಂದ ಕಲಿತು ತಾನೇ ಬರೆದ ಒಂದೇ ಪದವಿದೆ. ‘ಹ’ಕ್ಕೆ ತಲೆಕಟ್ಟು ಮರೆತಿದ್ದಾನೆ. ‘ಳೆ’ ಮಾತ್ರ ಸರಿಯಾಗಿದೆ.